ಸಹಾಯ ಬೇಕು: ಇಬ್ರಿಯರಿಗೆ 6:4-6 ಹೇಗೆ ವಿವರಿಸಲಿ?

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ನಾನು ಯುವಕರಿಗೆ ಸತ್ಯವೇದ ಪಾಠ ನಡೆಸುತ್ತೇನೆ. ಕಳೆದ ವಾರ ಈ ಭಾಗ ಓದುತ್ತಿದ್ದೆವು: ಒಮ್ಮೆ ಬೆಳಕು ಕಂಡು ಪವಿತ್ರಾತ್ಮನಲ್ಲಿ ಪಾಲುಗಾರರಾದವರು ಬಿದ್ದುಹೋದರೆ, ಅವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಅನ್ನುತ್ತದೆ ಅದು. ಆಗ ಒಬ್ಬ ಹುಡುಗಿ ತಡೆದು ತಡೆದು ಕೇಳಿದಳು, "ಅಣ್ಣಾ, ನಾನು ಒಂದು ವರ್ಷ ಪ್ರಾರ್ಥನೆನೇ ಬಿಟ್ಟಿದ್ದೆ. ನನಗೆ ಮತ್ತೆ ದಾರಿ ಇಲ್ವಾ?" ಪುಸ್ತಕದ ಅಂಚನ್ನು ಬೆರಳಿನಲ್ಲಿ ಮಡಚುತ್ತಾ ಕೂತಿದ್ದಳು. ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ.

ಎರಡು ಕಡೆಯ ವಾದವೂ ಗೊತ್ತು. 16ನೇ ಶತಮಾನದ ಸುಧಾರಕ ಕ್ಯಾಲ್ವಿನ್‌ನ ಪರಂಪರೆಯವರು ಯೋಹಾನ 10:28 (ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಸಿದುಕೊಳ್ಳರು ಎಂಬ ಯೇಸುವಿನ ಮಾತು) ತೋರಿಸಿ, ಬಿದ್ದುಹೋದವರು ಮೊದಲೇ ನಿಜವಾಗಿ ಹೊಸದಾಗಿ ಹುಟ್ಟಿರಲಿಲ್ಲ ಅನ್ನುತ್ತಾರೆ. 1618-19ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇದೇ ಪರಂಪರೆಯವರು ಸೇರಿದ್ದ ಡಾರ್ಟ್ ಸಭೆಯ ನಿಲುವೂ ದೇವರು ತನ್ನವರನ್ನು ಕೊನೆಯವರೆಗೆ ಕಾಪಾಡುತ್ತಾನೆ ಎಂಬುದೇ. ಮೆಥೋಡಿಸ್ಟ್ ಪಂಥ ಶುರುಮಾಡಿದ ವೆಸ್ಲಿಯ ದಾರಿಯವರು 4ನೇ ವಚನವೇ "ಪವಿತ್ರಾತ್ಮನಲ್ಲಿ ಪಾಲುಗಾರರು" ಅಂದಮೇಲೆ ಅವರು ನಿಜ ವಿಶ್ವಾಸಿಗಳೇ ಅಲ್ವಾ ಅಂತ ಕೇಳುತ್ತಾರೆ. ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನನ್ನನ್ನು ಜಾಸ್ತಿ ಹಿಡಿದಿರುವುದು 7, 8ನೇ ವಚನಗಳು. ಒಂದೇ ಮಳೆ, ಒಂದು ನೆಲ ಬೆಳೆ ಕೊಡುತ್ತದೆ, ಇನ್ನೊಂದು ಮುಳ್ಳು. ಆಮೇಲೆ 9ರಲ್ಲಿ ಲೇಖಕನ ದನಿಯೇ ಮೆತ್ತಗಾಗುತ್ತದೆ, "ಪ್ರಿಯರೇ" ಅನ್ನುತ್ತಾನೆ. ಹಾಗಾದರೆ ಇದು ದಣಿದವರನ್ನು ಎಬ್ಬಿಸುವ ಎಚ್ಚರಿಕೆಯೋ, ಬಾಗಿಲು ಹಾಕುವ ತೀರ್ಪೋ? ಪೇತ್ರನು ಮೂರು ಸಲ ಅಲ್ಲಗಳೆದರೂ ಯೇಸು ಅವನನ್ನು ಬಿಡಲಿಲ್ಲವಲ್ಲ.

ಗ್ರೀಕ್ ಓದಿದವರು 6ನೇ ವಚನದ "ಬಿದ್ದುಹೋದರೆ" ಎಂಬ ಮಾತಿನ ಬಲ ಎಷ್ಟು ಅಂತ ತಿಳಿಸಿ. ಪಾಸ್ಟರ್‌ಗಳು, ಇಂಥ ಪ್ರಶ್ನೆ ಬಂದಾಗ ನೀವು ಏನು ಹೇಳುತ್ತೀರಿ? ಭಾನುವಾರ ಅವಳು ಮತ್ತೆ ಬರುತ್ತಾಳೆ.