ಆರೋಗ್ಯದ ವೆಬ್ ಪುಟಗಳಿಗೆ ಡಾಕ್ಟರುಗಳು ಕೊಟ್ಟ ಅಂಕ: ಸರಾಸರಿ ತೆಗೆದರೆ ಸಾಕಾ?

ಲೈಬ್ರರಿ ಗೆಳತಿ:
ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಬಗ್ಗೆ ಕನ್ನಡದಲ್ಲಿರುವ ವೆಬ್ ಪುಟಗಳಲ್ಲಿ ಯಾವುದನ್ನು ಓದಬಹುದು ಅಂತ ಒಂದು ಪಟ್ಟಿ ಮಾಡುತ್ತಿದ್ದೇವೆ. ಕೆಲವು ಡಾಕ್ಟರುಗಳು, ನರ್ಸುಗಳು ದುಡ್ಡು ತೆಗೆದುಕೊಳ್ಳದೆ, ಡ್ಯೂಟಿ ಮುಗಿಸಿ ಬಂದು ರಾತ್ರಿ ಕೂತು ಅಂಕ ಹಾಕುತ್ತಿದ್ದಾರೆ. ಬಳಸುತ್ತಿರುವುದು ಡಿಸ್ಕರ್ನ್, ಅಂದರೆ ಚಿಕಿತ್ಸೆಯ ಬಗ್ಗೆ ಬರೆದ ಮಾಹಿತಿಯ ಗುಣಮಟ್ಟ ಅಳೆಯುವ ಪ್ರಶ್ನಾವಳಿ, ಪ್ರತಿ ಪ್ರಶ್ನೆಗೂ 1ರಿಂದ 5ರವರೆಗೆ ಅಂಕ. ಆದರೆ ಒಂದೇ ಪುಟಕ್ಕೆ ಒಬ್ಬರು 4 ಕೊಟ್ಟರೆ ಇನ್ನೊಬ್ಬರು 2 ಕೊಡುತ್ತಾರೆ. 3 ಅಂತ ಹಾಕಿಬಿಡೋಣವಾ?

ಲೆಕ್ಕದ ಮೇಷ್ಟ್ರು:
ಬೇಡಿ ಮೇಡಂ. 3 ಅಂತ ಹಾಕಿದರೆ ಇಬ್ಬರಿಗೂ ಭಿನ್ನಾಭಿಪ್ರಾಯ ಇತ್ತು ಅನ್ನೋದೇ ಮುಚ್ಚಿಹೋಗುತ್ತೆ, ಓದುವವರಿಗೆ ಬೇಕಾಗಿರೋದು ಅದೇ ಅಲ್ವಾ? ಮೊದಲು ಎಲ್ಲರಿಗೂ ಅದೇ ಕೆಲವು ಪುಟಗಳನ್ನು ಕೊಡಿ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಬಾರದು. ಆಮೇಲೆ ಕಪ್ಪಾ ಲೆಕ್ಕ ಹಾಕಿ, ಅಂದರೆ ಆಕಸ್ಮಿಕವಾಗಿ ಹೊಂದೋದಕ್ಕಿಂತ ಎಷ್ಟು ಹೆಚ್ಚು ಹೊಂದಿಕೆ ಇದೆ ಅನ್ನೋ ಅಳತೆ. 1ರಿಂದ 5ರ ಅಂಕಕ್ಕೆ ವೆಯ್ಟೆಡ್ ಕಪ್ಪಾ ಒಳ್ಳೆಯದು, ಅದು ಸಣ್ಣ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸವನ್ನು ಹೆಚ್ಚು ಗಂಭೀರವಾಗಿ ಎಣಿಸುತ್ತೆ. ಸುಮ್ನೆ ಶೇಕಡಾ ಎಷ್ಟು ಹೊಂದಿಕೆ ಆಯ್ತು ಅಂತ ನೋಡಿದರೆ ಆಕಸ್ಮಿಕವಾಗಿ ಹೊಂದಿದ್ದೂ ಅದರಲ್ಲಿ ಸೇರಿಬಿಡುತ್ತೆ. ಯಾವ ಪ್ರಶ್ನೆಯಲ್ಲಿ ಜಾಸ್ತಿ ವ್ಯತ್ಯಾಸ ಬಂತೋ ಅದನ್ನೇ ಹಿಡಿದು ಎಲ್ಲರೂ ಕೂತು ಮಾತಾಡಿ. 12ನೇ ಪ್ರಶ್ನೆ ನೋಡಿ, ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಏನಾಗುತ್ತೆ ಅಂತ ಪುಟದಲ್ಲಿ ಹೇಳಿದೆಯಾ ಅಂತ ಕೇಳುತ್ತೆ. "ಕಣ್ಣಿಗೆ ತೊಂದರೆ ಆಗಬಹುದು" ಅನ್ನೋ ಒಂದೇ ಸಾಲಿಗೆ ಎಷ್ಟು ಅಂಕ ಅಂತ ಮೊದಲೇ ಒಪ್ಪಿಕೊಳ್ಳದಿದ್ದರೆ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ.

ತಾಲ್ಲೂಕು ಡಾಕ್ಟರ್:
ಮೇಷ್ಟ್ರು ಹೇಳಿದ್ದು ಸರಿ. ಅದಕ್ಕಿಂತ ದೊಡ್ಡ ತೊಂದರೆ ಒಂದಿದೆ. ಡಿಸ್ಕರ್ನ್‌ನ 16 ಪ್ರಶ್ನೆಗಳು ಮಾಹಿತಿ ಎಲ್ಲಿಂದ ಬಂತು, ಯಾವಾಗಿನದು, ಲಾಭದ ಜೊತೆ ಅಪಾಯವನ್ನೂ ಹೇಳಿದ್ದಾರಾ ಅಂತ ಕೇಳುತ್ತವೆ. ಬರೆದಿದ್ದು ನಿಜವಾ ಅಂತ ಕೇಳೋದಿಲ್ಲ. ಹಾಗಲಕಾಯಿ ಜ್ಯೂಸ್ ಕುಡಿದು ಇನ್ಸುಲಿನ್ ನಿಲ್ಲಿಸಿ ಅನ್ನೋ ಪುಟವೂ ತಾರೀಖು, ಆಧಾರಗಳ ಪಟ್ಟಿ ಎಲ್ಲ ಹಾಕಿಕೊಂಡು ಆ ಪ್ರಶ್ನೆಗಳಲ್ಲಿ ಒಳ್ಳೆ ಅಂಕ ತಗೋಬಹುದು. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಆಮ್ಲ ಏರಿ (ಕೀಟೋಅಸಿಡೋಸಿಸ್) ಜೀವಕ್ಕೇ ಅಪಾಯ. ಹಾಗಾಗಿ "ಅಪಾಯಕಾರಿ ತಪ್ಪು ಇದೆಯಾ, ಇಲ್ಲವಾ" ಅಂತ ಬೇರೆಯೇ ಒಂದು ಕಾಲಂ ಇಡಿ. ಒಬ್ಬರು ಇದೆ ಅಂದರೂ ಆ ಪುಟವನ್ನು ಪಟ್ಟಿಯಿಂದ ತಡೆಹಿಡಿದು, ಮತ್ತೊಬ್ಬ ತಜ್ಞರಿಗೆ ತೋರಿಸಿ. ಡಾಕ್ಟರುಗಳ ಸಮಯ ಇದಕ್ಕೇ ಬೇಕು. ಡಿಸ್ಕರ್ನ್ ಅನ್ನು ರೋಗಿಗಳೂ ಬಳಸಲಿ ಅಂತಲೇ ಮಾಡಿದ್ದು, ಆ ಭಾಗವನ್ನು ತರಬೇತಿ ಕೊಟ್ಟ ಓದುಗರೇ ಮಾಡಬಹುದು.

ಹಳೇ ಓದುಗ:
ಅಂಕದ ಪಕ್ಕ ತಾರೀಖನ್ನೂ ಹಾಕಿ. ಜಿನೀವಾದ ಹಾನ್‌ಕೋಡ್ 8 ತತ್ವಗಳನ್ನು ನೋಡಿ ಆರೋಗ್ಯದ ವೆಬ್‌ಸೈಟುಗಳಿಗೆ ಮುದ್ರೆ ಕೊಡುತ್ತಿತ್ತು, 2022ರಲ್ಲಿ ಆ ಕೆಲಸವೇ ನಿಂತಿತು. ಹೀಗೆ ಮತ್ತೆ ನೋಡುವವರಿಲ್ಲದೆ, ಪುಟ ಬದಲಾದ ಮೇಲೂ ಹಳೇ ಅಂಕ ಉಳಿದರೆ ಅದನ್ನು ನಂಬಿ ಓದುವವರಿಗೆ ಮೋಸ ಆಗುತ್ತೆ.

ಲೈಬ್ರರಿ ಗೆಳತಿ:
ತುಂಬಾ ಉಪಕಾರ ಆಯ್ತು. ಅಪಾಯದ ಕಾಲಂ ಇವತ್ತೇ ಸೇರಿಸುತ್ತೇನೆ. ಡಾಕ್ಟರ್ ಸರ್, ತಪ್ಪು ಸಿಕ್ಕಿದ ಪುಟದ ಲೇಖಕರಿಗೆ ನಾವೇ ಪತ್ರ ಬರೆಯಬಹುದಾ?

ತಾಲ್ಲೂಕು ಡಾಕ್ಟರ್:
ಖಂಡಿತ ಬರೆಯಿರಿ. ಯಾವ ಸಾಲು ತಪ್ಪು, ಸರಿ ಏನು ಅಂತ ಸ್ಪಷ್ಟವಾಗಿ ತಿಳಿಸಿ.