‘ಸ್ಟೆಂಚ್’ ಅಂದ್ರೆ ಬರೀ ಕೆಟ್ಟ ವಾಸನೇನಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮನೆ ಹಿಂದಿನ ರಾಜಕಾಲುವೆ ಬಗ್ಗೆ ಇಂಗ್ಲಿಷ್‌ನಲ್ಲಿ ಕಂಪ್ಲೇಂಟ್ ಬರೀತಿದೀನಿ, ಮೊದ್ಲು ಬ್ಯಾಡ್ ಸ್ಮೆಲ್ ಅಂತ ಹಾಕಿದ್ದೆ ಆದ್ರೆ ಅಲ್ಲಿ ಬರೋ ನಾತಕ್ಕೆ ಆ ಮಾತು ಏನೇನೂ ಸಾಲ್ದು, ರಾತ್ರಿ ಕಿಟಕಿ ತೆಗೆಯಕ್ಕಾಗಲ್ಲ, ಮಗು ಊಟ ಬಿಟ್ಟು ಎದ್ದೋಗತ್ತೆ. ಫ್ರೆಂಡ್ ಒಬ್ಬ ಸ್ಟೆಂಚ್ ಅಂತ ಹಾಕು ಅಂದ. ‘ದಿ ಡ್ರೈನ್ ಈಸ್ ಸ್ಟೆಂಚಿಂಗ್’ ಅಂದ್ರೆ ಸರೀನಾ? ಸ್ಟಿಂಕ್‌ಗೂ ಇದಕ್ಕೂ ಏನ್ ವ್ಯತ್ಯಾಸ?

ಉತ್ತರ 1:
ಸ್ಟೆಂಚಿಂಗ್ ಅಂತ ಬರೀಬೇಡಿ ಸರ್. ಸ್ಟೆಂಚ್ ನಾಮಪದ, ನಮ್ಮ ‘ನಾತ’ ಇದ್ದಂಗೆ. ಸ್ಟಿಂಕ್ ಎರಡೂ ಆಗತ್ತೆ, ಕ್ರಿಯಾಪದ ಆದಾಗ ನಮ್ಮ ‘ನಾರು’. ಚರಂಡಿ ನಾರ್ತಿದೆ ಅಂತೀವಿ, ‘ನಾತಿಸ್ತಿದೆ’ ಅಂತ ಯಾರೂ ಅನ್ನಲ್ವಲ್ಲ, ಹಂಗೇ ಇದೂ. ‘ಅ ಸ್ಟೆಂಚ್ ಫ್ರಮ್ ದಿ ಡ್ರೈನ್’ ಅಂತ ಹಾಕಿ, ಅರ್ಜಿಗೆ ಅದೇ ಸರಿ, ಸ್ಟಿಂಕ್ ಸ್ವಲ್ಪ ಮನೆಮಾತಿನ ಥರ ಕೇಳ್ಸತ್ತೆ. ಆದ್ರೆ ಸಿಕ್ಕಿದ್ದಕ್ಕೆಲ್ಲಾ ಸ್ಟೆಂಚ್ ಅನ್ನಕ್ಕಾಗಲ್ಲ, ಕಮಟು ಎಣ್ಣೆಗೆ ರ್‍ಯಾನ್ಸಿಡ್, ಮುಗ್ಗಲು ಹಿಡಿದ ಬೀರುಗೆ ಮಸ್ಟಿ. ಸ್ಟೆಂಚ್ ಅಂದ್ರೆ ಕೊಳೆತು ಗಬ್ಬೆದ್ದು ಮೂಗಿಗೆ ರಪ್ ಅಂತ ಹೊಡೆಯೋದು, ಹೊಡೆದ ಮೇಲೂ ಅಲ್ಲೇ ಕೂತಿರೋದು.

ಉತ್ತರ 2:
ಇನ್ನೊಂದು ವಿಷ್ಯ ಸೇರಿಸ್ತೀನಿ, ನಂಗೆ ಇದು ತುಂಬಾ ಇಷ್ಟ. ಹಳೇ ಇಂಗ್ಲಿಷ್‌ನಲ್ಲಿ ಈ ಪದ ಯಾವ ವಾಸನೆಗಾದ್ರೂ ಬರ್ತಿತ್ತು, ಸುವಾಸನೆಗೂ! ಆಮೇಲೆ ಕೆಟ್ಟದ್ದಕ್ಕೇ ನಿಂತೋಯ್ತು. ನಮ್ಮ ‘ನಾತ’ದ ತಮಿಳು ತಂಗಿ ‘ನಾಟ್ರಂ’ ಕಥೆನೂ ಇದೇ, ಹಳೇ ತಮಿಳಲ್ಲಿ ಅದು ಹೂವಿನ ಪರಿಮಳ, ಈಗ ದುರ್ನಾತ. ಅಷ್ಟ್ಯಾಕೆ, ನಾವೇ ಬರೀ ‘ಏನೋ ವಾಸ್ನೆ’ ಅಂದ್ರೂ ಮೂಗು ಮುಚ್ಕೋತೀವಲ್ವಾ.

ಉತ್ತರ 3:
ಸ್ಟಿಂಕ್ ಮನೆಮಾತು ಅನ್ನೋದು ನಿಜ, ಆದ್ರೂ ಇತಿಹಾಸದಲ್ಲಿ ಉಳಿದಿರೋ ಹೆಸ್ರು ‘ಗ್ರೇಟ್ ಸ್ಟಿಂಕ್’ ಅಂತಾನೇ. 1858ರ ಬೇಸಿಗೇಲಿ ಲಂಡನ್‌ನ ಥೇಮ್ಸ್ ನದಿ ಕೊಳಚೆ ತುಂಬಿ ಎಷ್ಟು ನಾರ್ತಿತ್ತಂದ್ರೆ ಪಕ್ಕದಲ್ಲೇ ಇದ್ದ ಪಾರ್ಲಿಮೆಂಟಿನ ಪರದೆಗಳಿಗೆಲ್ಲಾ ಬ್ಲೀಚಿಂಗ್ ಪೌಡರ್ ನೀರು ಹಚ್ಚಿದ್ರು, ಅಷ್ಟಾದ್ರೂ ತಡೀಲಾರ್ದೆ 18 ದಿನದಲ್ಲಿ ಕಾನೂನು ಪಾಸ್ ಮಾಡಿದ್ರು, ಜೋಸೆಫ್ ಬಾಜಲ್ಗೆಟ್ ಅನ್ನೋ ಇಂಜಿನಿಯರ್ ಇಡೀ ಊರಿಗೆ ಹೊಸ ಒಳಚರಂಡಿ ಕಟ್ಟಿದ್ರು. ಅದಕ್ಕೇ ಹೇಳೋದು, ಪದ ಒಂದೇ ಸಾಲ್ದು, ಯಾವ ಹೊತ್ತಲ್ಲಿ ಜಾಸ್ತಿ, ಎಷ್ಟು ಮನೆಗೆ ಬರತ್ತೆ, ಎಷ್ಟು ದಿನದಿಂದ, ಎಲ್ಲಾ ಬರೀರಿ.

ಪ್ರಶ್ನೆ ಕೇಳಿದವ್ರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಟೆಂಚ್ ಅಂತಾನೇ ಹಾಕ್ದೆ. ಈ ಸಾಲಿನ ಹನ್ನೊಂದು ಮನೆಯವ್ರ ಸೈನ್ ತಗೊಂಡು ನಾಳೆ ಕೊಟ್ ಬರ್ತೀನಿ.