ಪದಚರ್ಚೆ: ಮಾಂಸ ಬೇಯಿಸುವ ‘ಸ್ಮೋಕರ್’ಗೆ ಕನ್ನಡದಲ್ಲಿ ಏನೆನ್ನೋಣ?

ಕೇಳಿಕೆ, ಹ್ಯೂಸ್ಟನ್‌ನಿಂದ

ನಮಸ್ಕಾರ. ಇಲ್ಲಿನ ಕನ್ನಡಿಗರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದು ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಮೊದಲ ಬಾರಿಗೆ ಸ್ಮೋಕರ್ ಕೊಳ್ಳುವವರು ಕೈಗೆಟಕುವ ಬೆಲೆಯಲ್ಲಿ, ಹೆಚ್ಚು ಪಾಡುಪಡದೆ ಬಳಸಬಲ್ಲದ್ದನ್ನು ಆರಿಸುವುದು ಹೇಗೆ ಎಂಬುದು ವಿಷಯ. ತಲೆಬರಹಕ್ಕೇ ಪದವಿಲ್ಲ. ‘ಧೂಮಕ’ ಎಂದು ಒಬ್ಬರು ಸೂಚಿಸಿದ್ದಾರೆ, ನನಗೆ ಒಗ್ಗುತ್ತಿಲ್ಲ. ಕ್ರಿಯಾಪದವೂ ಬೇಕು. ದನದ ಎದೆಭಾಗದ ಮಾಂಸವನ್ನು 110ರಿಂದ 120 ಡಿಗ್ರಿ ಸೆಲ್ಸಿಯಸ್ ಮಂದ ಶಾಖದಲ್ಲಿ, ಸೌದೆಯ ಹೊಗೆ ತಾಗುವಂತೆ, ಹತ್ತು ಹನ್ನೆರಡು ಗಂಟೆ ಇಡುತ್ತಾರೆ. ಅದು ಸುಡುವುದಲ್ಲ, ಹುರಿಯುವುದೂ ಅಲ್ಲ. ಬೆಂಕಿ ಒಂದು ಪಕ್ಕದಲ್ಲಿ, ಮಾಂಸ ಇನ್ನೊಂದು ಪಕ್ಕದಲ್ಲಿ ಇರುವ ‘ಆಫ್‌ಸೆಟ್’ ಬಗೆಗೂ ಹೆಸರು ಸಿಕ್ಕರೆ ಉಪಕಾರ. ಗುರುವಾರ ರಾತ್ರಿಯೊಳಗೆ ಉತ್ತರಿಸಿ.

ಮರುಮಾತು, ಧಾರವಾಡದಿಂದ

ಹೊಗೆಗೂಡು. ಇದ್ದ ಪದವನ್ನು ಬಿಟ್ಟು ಇಲ್ಲದ್ದನ್ನು ಹುಡುಕುವ ಚಾಳಿ ಇನ್ನಾದರೂ ನಿಲ್ಲಲಿ. ‘ಧೂಮಕ’ದ ಸುದ್ದಿ ಬೇಡ.

ಮರುಮಾತು, ಸುಳ್ಯದಿಂದ

ಹೊಗೆಗೂಡು ಎಂದರೆ ಚಿಮಣಿ. ಯಾವ ನಿಘಂಟನ್ನಾದರೂ ತೆರೆದು ನೋಡಿ. ಈ ಉಪಕರಣದ ನೆತ್ತಿಯ ಮೇಲೆಯೂ ಹೊಗೆ ಹೋಗಲು ಒಂದು ಕಂಡಿ ಇದ್ದೇ ಇರುತ್ತದೆ. ‘ಹೊಗೆಗೂಡಿನ ಹೊಗೆಗೂಡನ್ನು ತೆರೆದಿಡಿ’ ಎಂದು ಬರೆದರೆ ಓದುವವರ ಗತಿಯೇನು?

ನನ್ನ ಸೂಚನೆ ‘ಹೊಗೆಯಟ್ಟ’. ಈ ಬಗೆಯ ಅಡುಗೆಗೆ ಹೇಳುವ ಬಾರ್ಬೆಕ್ಯೂ ಎಂಬ ಪದದ ಬೇರು ಹಿಡಿದು ಹೋಗಿ. ಇಂಗ್ಲಿಷಿಗೆ ಅದು ಸ್ಪ್ಯಾನಿಷಿನ ‘ಬಾರ್ಬಕೋವಾ’ದಿಂದ ಬಂತು, ಸ್ಪ್ಯಾನಿಷಿಗೆ ಕೆರಿಬಿಯನ್ ದ್ವೀಪಗಳ ಟೈನೊ ಜನರ ನುಡಿಯಿಂದ. ಆ ಜನರಿಗೆ ಅದು ಅಡುಗೆಯ ಹೆಸರಾಗಿರಲಿಲ್ಲ. ಕೋಲುಗಳನ್ನು ನೆಲದಿಂದ ಮೇಲೆ ಕಟ್ಟಿದ ಚೌಕಟ್ಟಿನ ಹೆಸರಾಗಿತ್ತು. ಅದರ ಮೇಲೆ ಮಲಗುತ್ತಿದ್ದರು, ಕಾಳು ಇಡುತ್ತಿದ್ದರು, ಕೆಳಗೆ ಬೆಂಕಿ ಹಾಕಿ ಮಾಂಸ ಒಣಗಿಸುತ್ತಿದ್ದರು. ಅದನ್ನೇ ನಾವು ಅಟ್ಟ ಎನ್ನುತ್ತೇವೆ. ನಮ್ಮ ಕಡೆ ಒಲೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ ಹೊಗೆ ಹಿಡಿದು ಕೊಬ್ಬರಿಯಾಗುತ್ತದೆ.

ಮರುಮಾತು, ಮೈಸೂರಿನಿಂದ

ಹೊಗೆಯಟ್ಟಕ್ಕೆ ನನ್ನ ಮತ. ಒಂದು ಅಂಶ ಸೇರಿಸುತ್ತೇನೆ: ಅಡು ಧಾತುವಿನ ಭೂತಕೃದಂತವೂ ‘ಅಟ್ಟ’ವೇ. ‘ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯಲ್ಲಿ ಇರುವುದು ಅದೇ. ಹೊಗೆಯಲ್ಲಿ ಅಟ್ಟದ್ದು ಹೊಗೆಯಟ್ಟ. ಬೇಯಿಸುವುದು ಮತ್ತು ಅಟ್ಟ, ಎರಡೂ ಒಂದೇ ಬೇರಿನವು ಎಂದು ನನ್ನ ದೃಢವಾದ ನಂಬಿಕೆ.

ಮರುಮಾತು, ಮಡಿಕೇರಿಯಿಂದ

ನಂಬಿಕೆ ವ್ಯುತ್ಪತ್ತಿಯಾಗುವುದಿಲ್ಲ. ಕ್ರಿಯೆಯ ಅಟ್ಟ ಬೇರೆ, ಮಾಳಿಗೆಯ ಅಟ್ಟ ಬೇರೆ. ಧ್ವನಿ ಒಂದಾದ ಮಾತ್ರಕ್ಕೆ ನಂಟು ಕಟ್ಟಬೇಡಿ.

ಅದಕ್ಕಿಂತ ಮುಖ್ಯವಾದ ತಕರಾರು ಇನ್ನೊಂದಿದೆ. ಕೊಡಗಿನ ಮನೆಗಳಲ್ಲಿ ಹಂದಿಮಾಂಸದ ಸೀಳುಗಳನ್ನು ಒಲೆಯ ಮೇಲೆ ತೂಗುಹಾಕುತ್ತಾರೆ. ದಿನಗಳು ಕಳೆದಂತೆ ಅದು ಕಪ್ಪಾಗಿ, ಬಿರುಸಾಗಿ, ಮಳೆಗಾಲಕ್ಕೆ ಕೆಡದೆ ಉಳಿಯುತ್ತದೆ. ಅಲ್ಲಿ ಮಾಂಸ ಒಣಗುತ್ತದೆ, ಬೇಯುವುದಿಲ್ಲ. ತಿನ್ನುವ ಮೊದಲು ಮತ್ತೆ ಬೇಯಿಸಬೇಕು. ಹ್ಯೂಸ್ಟನ್ನಿನವರು ಹೇಳುತ್ತಿರುವುದರಲ್ಲಿ ಮಾಂಸ ಪೂರ್ತಿ ಬೆಂದು ಮೆತ್ತಗಾಗುತ್ತದೆ. ಈ ವ್ಯತ್ಯಾಸವನ್ನು ಅಟ್ಟ ಮುಚ್ಚಿಹಾಕುತ್ತದೆ. ಕ್ರಿಯಾಪದ ‘ಹೊಗೆಯಲ್ಲಿ ಬೇಯಿಸು’ ಎಂದಿರಲಿ. ‘ಹೊಗೆ ಕೊಡು’ ಎಂಬುದನ್ನು ಬಾಳೆಗೊನೆ ಹಣ್ಣು ಮಾಡುವವರಿಗೆ ಬಿಟ್ಟುಬಿಡಿ.

ಮರುಮಾತು, ಡಾಲಸ್‌ನಿಂದ

ಮನೆಯ ಹಿತ್ತಲಲ್ಲಿ ಪ್ರತಿ ಬೇಸಿಗೆ ಈ ಕೆಲಸ ಮಾಡುವವನು ನಾನು. ಅಂಗಡಿಯಲ್ಲಿ ಹೊಗೆಯಟ್ಟ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಸ್ಮೋಕರ್ ಎಂದೇ ಬರೆಯಿರಿ. ಪದಕ್ಕಿಂತ ಒಳಗಿನ ಮಾತು ಸರಿಯಿರಲಿ. ಅಗ್ಗದ ಆಫ್‌ಸೆಟ್ ಕೊಳ್ಳಬೇಡಿ ಎಂದು ದಪ್ಪಕ್ಷರದಲ್ಲಿ ಹಾಕಿ. ತೆಳು ತಗಡಿನಲ್ಲಿ ಶಾಖ ನಿಲ್ಲುವುದಿಲ್ಲ, ಗಂಟೆಗೊಮ್ಮೆಯಾದರೂ ಸೌದೆ ಒಡ್ಡುತ್ತ ಕೂರಬೇಕು. ಒತ್ತಿ ಮಾಡಿದ ಮರದಪುಡಿಯ ತುಣುಕುಗಳನ್ನು ಉರಿಸುವ ಪೆಲೆಟ್ ಬಗೆ ಸಲೀಸು, ಆದರೆ ದುಬಾರಿ. ವಿದ್ಯುತ್ತಿನದು ಅಗ್ಗ ಮತ್ತು ಸುಲಭ, ಹೊಗೆಯ ರುಚಿ ಕಡಿಮೆ. ಹೊಸಬರಿಗೆ ನಾನು ಹೇಳುವುದು ಉದ್ದುರುಟಿನ ಇದ್ದಿಲು ಸ್ಮೋಕರನ್ನು: ತಳದಲ್ಲಿ ಕೆಂಡ, ನಡುವೆ ನೀರಿನ ತಟ್ಟೆ, ಮೇಲೆ ಜಾಲರಿ. ತಟ್ಟೆಯ ನೀರು ಶಾಖದ ಏರಿಳಿತವನ್ನು ತಡೆಯುತ್ತದೆ. ಮೇಲಿನ ಕಂಡಿಯನ್ನು ಪೂರ್ತಿ ತೆರೆದಿಟ್ಟು, ಕೆಳಗಿನ ಕಂಡಿಗಳಿಂದ ಗಾಳಿಯನ್ನು ಹದಮಾಡಿದರೆ ಸಾಕು. ಮಾಂಸದ ಒಳಗೆ ಚುಚ್ಚುವ ಥರ್ಮಾಮೀಟರ್ ಬೇಕೇ ಬೇಕು. ಒಳಗಿನ ಬಿಸಿ 70 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಏರದೆ ನಿಂತುಬಿಡುತ್ತದೆ, ಮೇಲ್ಮೈಯ ತೇವ ಆವಿಯಾಗುತ್ತ ಮಾಂಸವನ್ನು ತಣಿಸುವುದರಿಂದ. ಗಾಬರಿಗೊಂಡು ಬೆಂಕಿ ಏರಿಸಬಾರದು. ಎದೆಮಾಂಸ 95 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ.

ಮರುಮಾತು, ಧಾರವಾಡದಿಂದ

ಸ್ಮೋಕರ್ ಎಂದೇ ಬರೆಯುವುದಾದರೆ ಕೈಪಿಡಿಯನ್ನು ಕನ್ನಡದಲ್ಲಿ ಯಾಕೆ ಅಚ್ಚು ಹಾಕುತ್ತೀರಿ? ಸಮುದ್ರ ದಾಟಿ ಬಂದ ಕಾಯಿಗೆ ನಮ್ಮ ಹಿರಿಯರು ಪೋರ್ಚುಗೀಸರ ಹೆಸರನ್ನು ಎರವಲು ತರಲಿಲ್ಲ. ಮನೆಯಲ್ಲಿದ್ದ ಮೆಣಸನ್ನೇ ಹಿಗ್ಗಿಸಿ ಮೆಣಸಿನಕಾಯಿ ಎಂದರು. ಆ ಕಸುವು ನಮ್ಮಲ್ಲಿ ಬತ್ತಿದೆ.

ಮರುಮಾತು, ಡಾಲಸ್‌ನಿಂದ

ಅದೇ ಹಿರಿಯರು ಪೋರ್ಚುಗೀಸರ ಅಲಮಾರನ್ನೂ ಅರಬ್ಬಿಯ ಕುರ್ಚಿಯನ್ನೂ ಹೆಸರು ಸಮೇತ ಮನೆಯೊಳಗೆ ಇಟ್ಟುಕೊಂಡರು. ಬೇಕಾದ ಉದಾಹರಣೆ ಮಾತ್ರ ಎತ್ತಬೇಡಿ.

ಮರುಮಾತು, ಸುಳ್ಯದಿಂದ

ಆಫ್‌ಸೆಟ್‌ಗೆ ಯಾರೂ ಉತ್ತರಿಸಿಲ್ಲ. ‘ಕೋಡೊಲೆ’ ಇದೆಯಲ್ಲ! ಮುಖ್ಯ ಒಲೆಯಲ್ಲಿ ಬೆಂಕಿ, ಅದರ ಕಾವು ಪಕ್ಕದ ಒಲೆಗೆ ಹಾಯುತ್ತದೆ, ಅಲ್ಲಿ ಹಾಲೋ ಸಾರೋ ನಿಧಾನವಾಗಿ ಕಾಯುತ್ತಿರುತ್ತದೆ. ಆಫ್‌ಸೆಟ್ಟಿನ ಕೆಲಸವೂ ಅದೇ.

ಮರುಮಾತು, ಮಡಿಕೇರಿಯಿಂದ

ಕೋಡೊಲೆಗೆ ಒಪ್ಪಿಗೆ. ಇಡೀ ಚರ್ಚೆಯಲ್ಲಿ ಬಂದ ಒಂದೇ ಗಟ್ಟಿ ಪದ.

ಹ್ಯೂಸ್ಟನ್‌ನಿಂದ

ಎಲ್ಲರಿಗೂ ಕೃತಜ್ಞತೆ. ತಲೆಬರಹದಲ್ಲಿ ‘ಸ್ಮೋಕರ್’, ಕ್ರಿಯಾಪದ ‘ಹೊಗೆಯಲ್ಲಿ ಬೇಯಿಸು’, ಆಫ್‌ಸೆಟ್‌ಗೆ ‘ಕೋಡೊಲೆ ಸ್ಮೋಕರ್’. ಬಾರ್ಬಕೋವಾ ಮತ್ತು ಅಟ್ಟದ ಸಂಗತಿಯನ್ನು ಕೊನೆಯ ಪುಟದಲ್ಲಿ ಚೌಕಟ್ಟು ಕಟ್ಟಿ ಹಾಕುತ್ತೇನೆ. ಪೆಲೆಟ್‌ಗೆ ‘ಸೌದೆಗುಳಿಗೆ’ ಆಗಬಹುದೇ?

ಮರುಮಾತು, ಧಾರವಾಡದಿಂದ

ತಲೆಬರಹಕ್ಕೆ ನನ್ನ ವಿರೋಧವಿದೆ. ಸೌದೆಗುಳಿಗೆ ಆಗಬಹುದು.

ಮರುಮಾತು, ಡಾಲಸ್‌ನಿಂದ

ಬೇಡ. ಗುಳಿಗೆ ಎಂದರೆ ಜ್ವರದ ಮಾತ್ರೆ ನೆನಪಾಗುತ್ತದೆ. ಪೆಲೆಟ್ ಎಂದೇ ಇರಲಿ.